ತೆಂಕುಮಾಡು, ಬಡಗುಮಾಡು

ಮೂಡಬಿದಿರೆ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಜಯರಾಜನಿಗೆ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗುವುದೆಂದರೆ ಹೊಟ್ಟೆಯೊಳಗೆ ಮೆಣಸು ಅರೆದ ಹಾಗಾಗುತ್ತಿತ್ತು. ಬಂಟ್ವಾಳದ ಮೇಲೆ ಅವನಿಗೆ ಸಿಟ್ಟೇನೂ ಇಲ್ಲ. ಸಿಟ್ಟೆಲ್ಲ ದಾರಿಯಲ್ಲಿ ಕಾಣುವ ಮನೆಗಳ ತಾರಸಿಯ ಮೇಲೆ. ಈಗೀಗ ಎಲ್ಲರೂ ತಾರಸಿ ಸೋರುತ್ತದೆಂದು ಅದರ ಮೇಲೆ ಇನ್ನೊಂದು ಶೀಟಿನ ಮಾಡು ಕಟ್ಟಿಸಿಕೊಂಡಿದ್ದಾರೆ. ನೀಲಿ ಶೀಟು, ಇಟ್ಟಿಗೆ ಬಣ್ಣದ ಶೀಟು, ಪಾಚಿ ಬಣ್ಣದ ಶೀಟು. ಅದರಲ್ಲಿ ಅರ್ಧಕ್ಕರ್ಧ ಮಡಂತ್ಯಾರಿನ ಜಿನೇಶನ ಅಂಗಡಿಯಿಂದಲೇ ಬಂದದ್ದೆಂದು ಜಯರಾಜನ ನಂಬಿಕೆ.

"ನೋಡು, ಅದು ಅವನದ್ದು. ಆಚೆಯದ್ದೂ ಅವನದ್ದೇ. ಆ ಕೋಳಿಗೂಡಿನದ್ದು ಸಹ ಅವನದ್ದು ಮಾರಾಯ್ತಿ."

ಪಕ್ಕದಲ್ಲಿ ಕೂತ ಹೆಂಡತಿ ವಿಮಲಾ ಕಿಟಕಿಯಿಂದ ಮುಖ ತಿರುಗಿಸದೆ ಹೇಳುವಳು: "ಅವನದ್ದಾದರೆ ನಿಮಗೆ ಎಂತ? ಕೋಳಿ ಒದ್ದೆಯಾಗದಿದ್ದರೆ ಸಾಕಲ್ವಾ?"

ಜಿನೇಶನೆಂದರೆ ಪರಕೀಯನಲ್ಲ, ಜಯರಾಜನ ಚಿಕ್ಕಮ್ಮನ ಮಗ. ಇಬ್ಬರೂ ಬೆಳೆದದ್ದು ಅಜ್ಜಿಯ ಒಂದೇ ಮನೆಯಲ್ಲಿ, ಉಂಡದ್ದು ಒಂದೇ ಪಂಕ್ತಿಯಲ್ಲಿ. ಜಯರಾಜ ಏಳು ವರ್ಷ ದೊಡ್ಡವನು. ಜಿನೇಶನ ಮೂಗು ಒರೆಸಿ ಶಾಲೆಗೆ ಕರೆದುಕೊಂಡು ಹೋದವನು ಅವನೇ. ಆ ಮೂಗು ಈಗ ಇಷ್ಟು ಎತ್ತರಕ್ಕೆ ಹೋಗಿದೆಯಲ್ಲ ಎಂಬುದೇ ಅವನ ಸಂಕಟ. ಹಾಗೆಂದು ಜಿನೇಶ ಜಂಬದವನೂ ಅಲ್ಲ. ಜಂಬ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಕಂಡಲ್ಲೆಲ್ಲ "ಜಯಣ್ಣಾ" ಎಂದು ಓಡಿ ಬಂದು ಕೈ ಹಿಡಿದುಕೊಳ್ಳುತ್ತಾನೆ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ತಲೆಯ ಮೇಲೆ ಭಾರ ಹೊತ್ತು ಗುಡ್ಡ ಹತ್ತಿದ ಹಾಗೆ, ಉಸಿರು ಬಿಡಲಿಕ್ಕೂ ಜಾಗ ಇಲ್ಲ.

ಶೀಟಿನ ಮಾತು ಬಿಡಿ, ಅದು ವ್ಯಾಪಾರ. ಜಯರಾಜನನ್ನು ನಿಜವಾಗಿ ಸುಡುತ್ತಿದ್ದದ್ದು ಬೇರೆಯೇ ಒಂದು ಮಾಡು.

ಬೆಳುವಾಯಿಯ ಹತ್ತಿರ, ಗದ್ದೆಗೆ ಇಳಿಯುವ ದಾರಿಯ ಬದಿಯಲ್ಲಿ, ಒಂದು ಸಣ್ಣ ಬಸದಿ ಉಂಟು. ಊರವರು ಅದನ್ನು ಕೆಳಗಿನ ಬಸದಿ ಎನ್ನುತ್ತಾರೆ. ಕಲ್ಲಿನ ಗೋಡೆ, ಮರದ ಹಲಗೆಯ ಮುಚ್ಚಿಗೆ, ಅದರ ಮೇಲೆ ತಾಮ್ರದ ತಗಡು. ಎರಡು ಇಳಿಜಾರು: ದಕ್ಷಿಣಕ್ಕಿರುವ ತೆಂಕು ಬದಿಯದು ಜಯರಾಜನ ತಾಯಿಯ ಕಡೆಗೆ ಬಂದದ್ದು, ಬಡಗು ಬದಿಯದು ಚಿಕ್ಕಮ್ಮನ ಕಡೆಗೆ. ಅಜ್ಜಿಯೇ ಇಬ್ಬರು ಹೆಣ್ಣುಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, "ಇದು ನಿನಗೆ, ಅದು ಅವಳಿಗೆ, ದೇವರ ತಲೆಗೆ ನೀರು ಬೀಳದ ಹಾಗೆ ನೋಡಿಕೊಳ್ಳಿ" ಎಂದು ಪಾಲು ಮಾಡಿದ್ದಂತೆ. ಗದ್ದೆ, ತೋಟ ಎಲ್ಲ ಯಾವ್ಯಾವ ಕಾಲಕ್ಕೋ ಕೈಬಿಟ್ಟು ಹೋಗಿ, ಇಬ್ಬರ ಹೆಸರಿನಲ್ಲಿ ಅಜ್ಜಿಯದೆಂದು ಉಳಿದದ್ದು ಈ ಎರಡು ತುಂಡು ಮಾಡು ಮಾತ್ರ.

ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಮಾಡಿಗೆ ನೀರು ಕೊಡುವ ಕ್ರಮ ಉಂಟು. ಪ್ರತಿಯೊಂದು ಮನೆಯವನೂ ಏಣಿ ಹತ್ತಿ, ತನ್ನ ಬದಿಯ ಕಸ ಗುಡಿಸಿ, ಮಾಡಿನ ನೆತ್ತಿಯಿಂದ ಕೆಳಗೆ ಕೊಡಪಾನದಲ್ಲಿ ನೀರು ಸುರಿಯಬೇಕು. ಒಳಗೆ ಅದೇ ಬದಿಯ ಕೆಳಗೆ ಇನ್ನೊಂದು ಮನೆಯವನು ತಲೆ ಎತ್ತಿ ನಿಂತಿರಬೇಕು. ಒಂದು ಹನಿಯೂ ಬೀಳದಿದ್ದರೆ "ಒಣ" ಎಂದು ಕೂಗುವುದು. ಬಿದ್ದರೆ "ಹನಿ" ಎಂದು ಕೂಗುವುದು. ತನ್ನ ಮಾಡನ್ನು ತಾನೇ ನೋಡಿಕೊಂಡರೆ ಕಣ್ಣು ಮುಚ್ಚಿಯಾನು ಎಂದು ಹಿರಿಯರು ಹೀಗೆ ಮಾಡಿದ್ದು. ಹನಿ ಬಿದ್ದ ಮಾಡು ಇನ್ನೊಂದು ಮನೆಗೆ ಹೋಗುತ್ತದೆ. ಅವರು ಸರಿಮಾಡಿಸಬೇಕು, ಅಲ್ಲಿಂದ ಮುಂದೆ ಅದು ಅವರದೇ. ಹಾಗೆ ಕೈ ಬದಲಾದದ್ದನ್ನು ಕಂಡವರು ಯಾರೂ ಇಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಗಾಳಿಗೆ ಹಲಸಿನ ಕೊಂಬೆ ಮುರಿದು ಬಡಗುಮಾಡಿನ ಮೇಲೆ ಬಿತ್ತು. ಜಿನೇಶ ಒಂದು ಮಾತೂ ಆಡದೆ ಇಡೀ ಬದಿಗೆ ಹೊಸ ತಾಮ್ರ ಹಾಕಿಸಿದ. ಆ ವರ್ಷ ಅದು ಹೊಳೆದ ಹೊಳಪು! ರಸ್ತೆಯಲ್ಲಿ ಹೋಗುವ ಬಸ್ಸಿನವರು ಬಗ್ಗಿ ನೋಡುವರು. ಜಯರಾಜನ ತೆಂಕುಮಾಡು ಅದರ ಬೆನ್ನಿಗೆ ಅಂಟಿಕೊಂಡು, ಹೊಸ ಮದುಮಗಳ ಹಿಂದೆ ನಿಂತ ಮುದುಕಿಯ ಹಾಗೆ ಕಪ್ಪಗೆ ಕೂತಿತ್ತು. ವರ್ಷ ಹೋದಂತೆ ಬಡಗಿನದ್ದೂ ಕಂದಿತು. ಆದರೆ ಜಯರಾಜನ ಕಣ್ಣಲ್ಲಿ ಅದು ಕಂದಲೇ ಇಲ್ಲ.

ಅಂದಿನಿಂದ ಪ್ರತಿ ವರ್ಷ ನೀರಿನ ದಿನ ಬಡಗುಮಾಡಿನ ಕೆಳಗೆ ಕತ್ತು ನೋಯುವಷ್ಟು ಹೊತ್ತು ಅವನು ನಿಲ್ಲುತ್ತಾನೆ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ. ದೇವರೇ, ಒಂದು ಹನಿ. ದೊಡ್ಡದು ಬೇಡ, ಸಾಸಿವೆ ಗಾತ್ರದ್ದು ಸಾಕು. ಹಾಗೆ ಬೇಡಿಕೊಂಡದ್ದಕ್ಕೆ ಅಲ್ಲೇ ಎದುರಿಗಿರುವ ಸ್ವಾಮಿಗೆ ಕೈ ಮುಗಿದು ಕ್ಷಮೆಯನ್ನೂ ಕೇಳುತ್ತಾನೆ. ಆಮೇಲೆ ದೊಡ್ಡ ಸ್ವರದಲ್ಲಿ "ಒಣ!" ಎನ್ನುತ್ತಾನೆ. ಆ ಶಬ್ದ ಬಾಯಿಯಿಂದ ಹೊರಡುವಾಗ ಹಲ್ಲು ಕಿತ್ತ ಹಾಗೆ ಆಗುತ್ತದೆ.

ಈ ವರ್ಷ ನೀರಿನ ದಿನಕ್ಕೆ ಇನ್ನೂ ವಾರವಿರುವಾಗ ಜಿನೇಶನ ಫೋನು ಬಂತು.

"ಜಯಣ್ಣ, ಮಂಗಳೂರಿನಿಂದ ಒಬ್ಬರು ಇಂಜಿನಿಯರ್ ಮೇಡಂ ಬರ್ತಾರೆ. ಹಳೆ ಕಟ್ಟಡ, ಹಳೆ ಮಾಡು ನೋಡಿ ಹೇಳುವವರು. ನಮ್ಮ ಬಸದಿಯದ್ದನ್ನೂ ಒಮ್ಮೆ ತೋರಿಸುವ ಅಂತ. ನೀನೂ ಬಾ."

"ಮಾಡಿಗೆ ಎಂತ ಆಗಿದೆ ಈಗ?"

"ಎಂತ ಆಗ್ಲಿಲ್ಲ. ಆದರೆ ತೆಂಕು ಬದಿ ತುಂಬಾ ಹಳೆದಲ್ವಾ? ನೀನು ತಲೆಬಿಸಿ ಮಾಡ್ಬೇಡ. ಬದಲಿಸಬೇಕು ಅಂತ ಅವರು ಹೇಳಿದರೆ ನಾನೇ ಎರಡೂ ಬದಿ ಒಟ್ಟಿಗೆ ಮಾಡಿಸ್ತೇನೆ. ಒಂದೇ ಬಣ್ಣ ಬರ್ತದೆ, ಚಂದ ಕಾಣ್ತದೆ."

ಫೋನು ಇಟ್ಟ ಮೇಲೆ ಜಯರಾಜ ಸ್ವಲ್ಪ ಹೊತ್ತು ಗಿರಾಕಿಯ ಎದುರೇ ಒಂದು ಚೊಂಬನ್ನು ಸುಮ್ಮನೆ ಒರೆಸುತ್ತ ಕೂತ. ನಾನೇ ಮಾಡಿಸ್ತೇನೆ! ನನ್ನ ತಾಯಿಯ ಮಾಡು, ಇವನು ಮಾಡಿಸುವುದು! ಒಂದೇ ಬಣ್ಣವಂತೆ!

ಮೇಡಮ್ಮಿನ ಹೆಸರು ಚೈತನ್ಯಾ. ವಯಸ್ಸು ಮೂವತ್ತೈದು ಇರಬಹುದು, ಮಾತು ಕಡಿಮೆ, ಏಣಿ ಹತ್ತುವುದು ಸಲೀಸು. ಮೊದಲು ಬಡಗುಮಾಡನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು, ಮತ್ತೆ ತೆಂಕುಮಾಡನ್ನು. ಅಂಚಿನಲ್ಲಿ ಕೈಯಾಡಿಸಿದರು, ಹತ್ತಾರು ಫೋಟೊ ತೆಗೆದರು. ಜಯರಾಜ ಅಂಗಡಿಯಲ್ಲಿ ಹಂಡೆಯನ್ನು ಒಂದೇ ಸಲ ಬಡಿದು ಅದರ ದಪ್ಪ ಹೇಳುವವನು. ಅವತ್ತು ಕಿವಿ ಕೊಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಅವನ ಕಿವಿಯೂ ಕಣ್ಣೂ ಜಿನೇಶನ ಮುಖದ ಮೇಲಿದ್ದವು. ಅವನು ನಕ್ಕನಾ? ಯಾಕೆ ನಕ್ಕ?

"ತೆಂಕು ಬದಿ ಎಷ್ಟು ವರ್ಷದ್ದು?" ಎಂದು ಮೇಡಂ ಕೇಳಿದರು.

"ಅಜ್ಜಿಯ ಕಾಲದ್ದು," ಎಂದ ಜಯರಾಜ. ಹರಿದ ಅಂಗಿ ಹಾಕಿಕೊಂಡು ಮದುವೆಗೆ ಬಂದವನ ಸ್ವರದಲ್ಲಿ.

"ಹಾಂ... ಅದಕ್ಕೇ ಇಷ್ಟು ಕಪ್ಪು," ಎಂದು ಅವರು ಬರೆದುಕೊಂಡರು. "ನೀರಿನ ದಿನ ಬರ್ತೇನೆ. ನೀರು ಹರಿಯುವುದನ್ನೂ ನೋಡಿ ಮತ್ತೆ ಹೇಳ್ತೇನೆ."

ಹೊರಡುವಾಗ ಕಾರಿನ ಬಳಿ ಜಿನೇಶನೊಡನೆ ನಿಂತು ಅವರೇನೋ ಮೆಲ್ಲಗೆ ಹೇಳಿದರು. ಕೈ ತೆಂಕುಮಾಡಿನ ಕಡೆಗೆ ಇತ್ತು. ಜಿನೇಶ ತಲೆ ತಗ್ಗಿಸಿ ಹೂಂ ಹೂಂ ಎನ್ನುತ್ತಿದ್ದ. ಬಸದಿಯ ಪೂಜೆ ಮಾಡುವ ಇಂದ್ರರು, ಎಂಬತ್ತು ದಾಟಿದವರು, ಜಯರಾಜನ ಪಕ್ಕದಲ್ಲೇ ನಿಂತಿದ್ದರು.

"ಎಂತ ಹೇಳ್ತಾರೆ ಇಂದ್ರರೇ ಅವರು?"

"ನನಗೆ ಈ ಕಿವಿ ಕೇಳುವುದಿಲ್ಲ, ಆ ಕಿವಿ ನಿನ್ನ ಕಡೆ ಉಂಟು," ಎಂದರು ಇಂದ್ರರು.

ಮನೆಗೆ ಬಂದ ಜಯರಾಜ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತು ಗಂಜಿಯಲ್ಲಿ ಬೆರಳಾಡಿಸಿದ. ಅಷ್ಟು ಕಪ್ಪು ಎಂದರಲ್ಲ. ಕಪ್ಪು! ಪಾತ್ರೆ ಅಂಗಡಿಯವನ ಮಾಡು ಕಪ್ಪು! ಜನ ಮನೆಯ ಕಪ್ಪು ಹಿಡಿದ ದೀಪ, ಚೊಂಬು, ಹಂಡೆ ತಂದು ಅವನ ಅಂಗಡಿಯಲ್ಲಿ ಇಟ್ಟು ಹೋದರೆ ಮೂರನೇ ದಿನ ಚಿನ್ನದ ಹಾಗೆ ಮಾಡಿ ಕೊಡುವವನು ಅವನು. ಅದು ನೆನಪಾದದ್ದೇ ತಡ, ತಟ್ಟೆಯ ಮುಂದೆ ನೆಟ್ಟಗೆ ಕೂತ.

"ವಿಮಲಾ, ಹುಣಸೆಹುಳಿ ಎಷ್ಟು ಉಂಟು ಮನೆಯಲ್ಲಿ?"

"ಒಂದು ಭರಣಿ. ಯಾಕೆ?"

"ಸಾಲದು."

ಏನು ಮಾಡುವುದೆಂದು ಹೇಳಿದಾಗ ವಿಮಲಾ ಸೌಟು ಕೆಳಗಿಟ್ಟಳು. "ನಿಮಗೆ ಮರ್ಲಾ? ಬಸದಿಯ ಮಾಡನ್ನು ಹುಳಿ ಹಾಕಿ ತಿಕ್ಕುವುದಾ? ಅದೆಂತ ಸಾರಿನ ಪಾತ್ರೆಯಾ?"

"ತಾಮ್ರ ಅಂದ್ರೆ ತಾಮ್ರ. ಗಿಂಡಿಯದ್ದಾದರೂ ಅದೇ, ಮಾಡಿನದ್ದಾದರೂ ಅದೇ. ತಾಮ್ರ ಹೊಳೆದರೆ ತಾಮ್ರ."

"ಹೊಳೆಯುವುದು ನಿಮ್ಮ ಹೊಟ್ಟೆಕಿಚ್ಚು," ಎಂದಳು ವಿಮಲಾ. ಆದರೂ ಮರುದಿನ ಭರಣಿ ಎತ್ತಿ ಕೊಟ್ಟಳು. ಚಿಕ್ಕತ್ತೆಯ ಕಡೆಯವರ ಒಂದೇ ಬಣ್ಣದ ಮಾತು ಅವಳಿಗೂ ಅಷ್ಟೊಂದು ಹಿಡಿಸಿರಲಿಲ್ಲ.

ಅಂಗಡಿಯಲ್ಲಿ ದೀಪ ತಿಕ್ಕುವ ಹುಕ್ರಪ್ಪನನ್ನೂ ಕರೆದುಕೊಂಡು ಜಯರಾಜ ಬೆಳುವಾಯಿಗೆ ಹೋದ. ಹುಳಿ, ಉಪ್ಪು, ತೆಂಗಿನ ನಾರು, ಬೂದಿ. ಹುಕ್ರಪ್ಪ ಮಾಡನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಕ್ಕ. "ಧನಿಗಳೇ, ಇಷ್ಟು ದೊಡ್ಡ ಬಾಣಲೆ ನಾನು ಹುಟ್ಟಿದಂದಿನಿಂದ ತಿಕ್ಕಿದ್ದಿಲ್ಲ. ಇದರಲ್ಲಿ ಎಂತ ಹುರಿದಿದ್ದಾರೆ?"

"ಬಾಯಿ ಕಡಿಮೆ ಮಾಡು, ಕೈ ಜಾಸ್ತಿ ಮಾಡು."

ಎರಡು ದಿನ ಬಿಸಿಲಿನಲ್ಲಿ ತಿಕ್ಕಿದರು. ಕಪ್ಪು ಬಿಟ್ಟ ಕಡೆಯಲ್ಲೆಲ್ಲ ಕೆಂಪು ಏಳುತ್ತಿತ್ತು, ಆಗ ತಾನೇ ಕೆರೆದ ಹಾಗೆ, ಕಣ್ಣಿಗೆ ಹೊಡೆಯುವ ಕೆಂಪು. ಜಯರಾಜನಿಗೆ ಅರುವತ್ತು ದಾಟಿದ್ದು ಮರೆತೇ ಹೋಯಿತು. ಪಂಚೆ ಎತ್ತಿ ಕಟ್ಟಿ ನೆತ್ತಿಯವರೆಗೆ ಹತ್ತಿದ. ಎರಡೂ ಬದಿಯ ತಗಡು ಸೇರುವ ಆ ಮಡಿಕೆಯಲ್ಲಿ ಒಂದು ಬಗೆಯ ಕರಿ ಅಂಟು ಕೂತಿತ್ತು. ದೀಪದ ಕುತ್ತಿಗೆಯಲ್ಲಿ ಎಣ್ಣೆಕಪ್ಪು ಕೂರುತ್ತದಲ್ಲ, ಹಾಗೆ. ಪಾತ್ರೆಯವನಿಗೆ ಸಂದಿನ ಕಪ್ಪೆಂದರೆ ಆಗುವುದಿಲ್ಲ, ಕೆಲಸ ಅರ್ಧಕ್ಕೆ ಬಿಟ್ಟಂತೆ. ಸ್ಕ್ರೂಡ್ರೈವರ್ ತರಿಸಿ, ತನ್ನ ಬದಿಯ ಸಂದಿನ ಉದ್ದಕ್ಕೂ ತಾನೇ ಕೂತು ಅದನ್ನು ಕೆರೆದು ಕೆರೆದು ತೆಗೆದ. ತೆಗೆದಲ್ಲಿಗೆ ಹುಳಿ ತುರುಕಿ ತಿಕ್ಕಿದ. ಜಿನೇಶನ ಬದಿಯದನ್ನು ಮುಟ್ಟಲಿಲ್ಲ. ಅಲ್ಲಿ ಕಪ್ಪು ಉಳಿಯಲಿ ಎಂದೇ ಬಿಟ್ಟ.

ಇಳಿದು ಬಂದು ಗದ್ದೆಯ ಬದುವಿನಲ್ಲಿ ನಿಂತು ನೋಡಿದರೆ, ಆಹಾ! ಬಸದಿಯ ಅರ್ಧ ಮಾಡು ಆಗ ತಾನೇ ಹುಟ್ಟಿದ ಹಾಗಿತ್ತು. ಸ್ಕೂಟರಿನವರು ನಿಲ್ಲಿಸಿ ಫೋಟೊ ತೆಗೆದರು. ಹಾಲಿನ ಡಿಪೋದಲ್ಲಿ ಅದೇ ಮಾತು. ಸಂಜೆಗೆ ಜಿನೇಶನೂ ಬಂದ. ಕಾರಿನಿಂದ ಇಳಿದವನು ಬಾಗಿಲು ಹಾಕಲೂ ಮರೆತು ಮೇಲೆ ನೋಡಿದ.

"ಎಂತ ಮಾಡಿದ್ದು ಜಯಣ್ಣ ಇದು?"

"ಸ್ವಲ್ಪ ಕ್ಲೀನ್ ಮಾಡಿದ್ದು. ಹಳೆ ಮಾಡಲ್ವಾ."

ಜಿನೇಶ ಮಾಡಿನ ಅಂಚಿನಿಂದ ಅಂಚಿಗೆ ಕಣ್ಣಾಡಿಸಿದ. ಅವನ ಮುಖ ನೋಡಿದಾಗ ಜಯರಾಜನಿಗೆ ಹೊಟ್ಟೆಯೊಳಗಿನ ಮೆಣಸು ತಣ್ಣಗಾಗಿ, ಅಲ್ಲಿ ಯಾರೋ ಎಳನೀರು ಹೊಯ್ದ ಹಾಗಾಯಿತು. ಆ ರಾತ್ರಿ ಗೊರಕೆ ಹೊಡೆದು ಮಲಗಿದ.

ನೀರಿನ ದಿನ ಬೆಳಿಗ್ಗೆ ಬಸದಿಯ ಅಂಗಳದಲ್ಲಿ ಜನ ಯಾವಾಗಲೂ ಬರುವುದಕ್ಕಿಂತ ಜಾಸ್ತಿ ಇತ್ತು. ಹೊಳೆಯುವ ಮಾಡು ನೋಡಲಿಕ್ಕೆ ಬಂದವರೇ ಹೆಚ್ಚು. ಚೈತನ್ಯಾ ಮೇಡಂ ಬಂದವರು ತೆಂಕುಮಾಡನ್ನು ನೋಡಿ ಹಣೆಗೆ ಕೈ ಹಚ್ಚಿ ನಿಂತರು. ಬಿಸಿಲಿಗೆ ಹಚ್ಚಿದ್ದೆಂದು ಜಯರಾಜ ತಿಳಿದ. ಅವರು ಏನೋ ಹೇಳಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಇಂದ್ರರು ಗಂಟೆ ಬಾರಿಸಿದರು.

ಅಜ್ಜಿಯ ದೊಡ್ಡ ಮಗಳ ಮನೆಯ ಮಾಡಿಗೆ ಮೊದಲು ನೀರು. ಜಯರಾಜ ಏಣಿ ಹತ್ತಿದ. ಒಳಗೆ ತೆಂಕು ಬದಿಯಲ್ಲಿ ಜಿನೇಶ ತಲೆ ಎತ್ತಿ ನಿಂತ. ನೆತ್ತಿಯ ಮೇಲಿಂದ ಸುರಿದ ನೀರು ಕೆಂಪು ತಾಮ್ರದ ಮೇಲೆ ಜಾರಿ ಹೋದದ್ದನ್ನು ನೋಡಿ ಜಯರಾಜನೇ ಮೈಮರೆತ. ಇನ್ನೊಂದು ಕೊಡಪಾನ ತರಿಸಿ ಅದನ್ನೂ ಸುರಿದ. ಕೇಳದಿದ್ದರೂ ಮೂರನೆಯದನ್ನೂ ಸುರಿದ.

"ಒಣ!" ಒಳಗಿನಿಂದ ಜಿನೇಶ ಕೂಗಿದ. ಸ್ವರ ಸ್ವಲ್ಪ ಸಪ್ಪೆ ಇತ್ತು, ಜಯರಾಜನಿಗೆ ಅದೂ ಕೇಳಿಸಿತು, ಕೇಳಿ ಸಿಹಿಯಾಯಿತು.

ಈಗ ಜಿನೇಶನ ಸರದಿ. ಅವನು ಮೇಲೆ, ಜಯರಾಜ ಒಳಗೆ, ಬಡಗು ಬದಿಯ ಹಲಗೆಯ ಕೆಳಗೆ. ಅಭ್ಯಾಸ ಬಲದಿಂದ ಮನಸ್ಸು ಅದೇ ಪ್ರಾರ್ಥನೆ ಶುರುಮಾಡಿತು: ಒಂದು ಹನಿ, ಸಾಸಿವೆ ಗಾತ್ರದ್ದು. ಮೇಲೆ ನೀರು ಸುರಿದ ಸದ್ದಾಯಿತು. ಹಲಗೆ ಒಣಗಿಯೇ ಇತ್ತು. ಯಾವಾಗಲೂ ಹೀಗೆಯೇ ಎಂದು ಬಾಯಿ ತೆರೆದು "ಒಣ" ಎನ್ನಬೇಕು, ಅಷ್ಟರಲ್ಲಿ ನೆತ್ತಿಯ ದೊಡ್ಡ ತೊಲೆಯ ಬುಡದಲ್ಲಿ ಏನೋ ಮಿಣುಕಿತು. ನಿಧಾನಕ್ಕೆ ದಪ್ಪವಾಯಿತು. ಬಿಟ್ಟಿತು. ಜಯರಾಜನ ಹಣೆಯ ಮಧ್ಯಕ್ಕೇ ಬಂದು ಬಿತ್ತು.

"ಹನಿ!"

ಹತ್ತು ಹನ್ನೆರಡು ವರ್ಷ ಗಂಟಲಲ್ಲಿ ಕೂತಿದ್ದ ಶಬ್ದ ಅದು. ಗದ್ದೆಯ ಆಚೆ ಕೆಲಸ ಮಾಡುತ್ತಿದ್ದವರೂ ತಲೆ ಎತ್ತಿದರಂತೆ. ಇಂದ್ರರ ಕೈಯಲ್ಲಿದ್ದ ಗಂಟೆ ಅರ್ಧಕ್ಕೆ ನಿಂತಿತು. ಬಡಗುಮಾಡು ಬಂತು. ಅಜ್ಜಿಯ ಇಡೀ ಮಾಡು ತನ್ನದು! ಜಯರಾಜ ಎರಡೂ ಕೈ ಎತ್ತಿ ನಿಂತೇ ಇದ್ದ. ಹಣೆಯ ಹನಿ ಮೂಗಿನ ಬದಿಯಿಂದ ಇಳಿದು ತುಟಿಗೆ ಬಂದು, ನಗುವ ಬಾಯಿಯೊಳಗೆ ಹೋಯಿತು.

ಹುಳಿ.

ಅವನು ಇನ್ನೊಮ್ಮೆ ನಾಲಗೆಯಿಂದ ತುಟಿ ಸವರಿದ. ಹುಳಿಯೇ. ಉಪ್ಪೂ ಉಂಟು. ಜಿನೇಶನ ಕೊಡಪಾನದ ನೀರು ಹುಳಿಯಾಗಲು ಸಾಧ್ಯವಿಲ್ಲ. ಇದು ತಾನು ಸುರಿದ ನೀರು, ತಾನು ಕೆರೆದ ಸಂದಿನಿಂದ ಒಳಗೆ ಹೋಗಿ, ತಾನು ತುರುಕಿದ ಹುಳಿ ತೊಳೆದುಕೊಂಡು, ತೊಲೆಯಲ್ಲಿ ನಿಧಾನಕ್ಕೆ ಹರಿದು ಆಚೆ ಬದಿಗೆ ಇಳಿದದ್ದು. ಎತ್ತಿದ ಕೈ ತಾನಾಗಿಯೇ ಕೆಳಗೆ ಬಂತು.

ಜಿನೇಶ ಏಣಿಯಿಂದ ಇಳಿದು ಒಳಗೆ ಬಂದ. ಹತ್ತಿರ ಬಂದು ಖಾಲಿ ಕೊಡಪಾನವನ್ನು ಜಯರಾಜನ ಕೈಗೆ ಕೊಟ್ಟ.

"ಆಯ್ತು ಜಯಣ್ಣ. ಕ್ರಮ ಅಂದ್ರೆ ಕ್ರಮ. ಇನ್ನು ಇದು ನಿನ್ನದು." ಸ್ವಲ್ಪ ತಡೆದು, "ಅಮ್ಮ ಇದ್ದಿದ್ದರೆ ಬೇಜಾರು ಮಾಡ್ತಿದ್ದರು," ಎಂದ.

ಜಯರಾಜ ಕೊಡಪಾನವನ್ನು ಹಿಡಿದುಕೊಂಡ. ಬಿಡಲೂ ಆಗದು, ಹಿಡಿಯಲೂ ಆಗದು. ಸುಮ್ಮನಿದ್ದರೆ ಸಾಕಿತ್ತು. ಯಾರ ನಾಲಗೆಗೂ ಇದು ಗೊತ್ತಿಲ್ಲ. ಹೇಳಿದರೆ ಬಡಗು ಹೋಗುವುದು ಮಾತ್ರವಲ್ಲ, ಸೋರಿದ್ದು ತನ್ನ ಬದಿಯಿಂದ, ತಾಯಿಯ ತೆಂಕುಮಾಡೂ ಜಿನೇಶನ ಪಾಲಾಗುತ್ತದೆ. ಮನಸ್ಸು ಹೇಳಿತು: ಸುಮ್ಮನಿರು. ಬಾಯಿ ಚಪ್ಪರಿಸಿತು.

"ಎಲ್ಲಿಂದ ಬಿದ್ದದ್ದು?" ಎಂದು ಜಿನೇಶ ತಲೆ ಎತ್ತಿದ. ಅಷ್ಟರಲ್ಲಿ ಎರಡನೆಯದೂ ಬಿತ್ತು, ಸರಿಯಾಗಿ ಅವನ ಮೀಸೆಯ ಮೇಲೆ. ಅವನು ಕೈಯಿಂದ ಒರೆಸುವ ಮೊದಲು ನಾಲಗೆ ಹೊರಗೆ ಬಂತು. ನಿಂತ. ಮತ್ತೊಮ್ಮೆ ನೆಕ್ಕಿದ. ಜಯರಾಜನನ್ನು ನೋಡಿದ. ಮತ್ತೆ ಯಾರಿಗೂ ಕೇಳದ ಹಾಗೆ, ಸಣ್ಣವನಿದ್ದಾಗ ಅಜ್ಜಿಯ ಪಂಕ್ತಿಯಲ್ಲಿ ಹೇಳುತ್ತಿದ್ದ ಸ್ವರದಲ್ಲೇ ಹೇಳಿದ:

"ಜಯಣ್ಣ, ಸಾರಿಗೆ ಉಪ್ಪು ಒಂಚೂರು ಸಾಲದು."

ಅಷ್ಟೇ. ಬಾಗಿಲ ಬಳಿ ಇಂದ್ರರು, ವಿಮಲಾ, ಮೇಡಂ, ಊರಿನವರು ಎಲ್ಲ ಕಾಯುತ್ತಿದ್ದರು. ಅವನು ಕೂಗಿ ಹೇಳಿದ್ದರೆ ಜಯರಾಜ ಜಗಳವಾಡುತ್ತಿದ್ದ. ಹೇಳದೆ ನಿಂತದ್ದೇ ಕಷ್ಟವಾಯಿತು. ಈ ಒಳ್ಳೆಯತನದಲ್ಲೂ ಇವನೇ ಮೇಲಾಗಬೇಕಾ?

"ಇಂದ್ರರೇ," ಎಂದ ಜಯರಾಜ ಗಟ್ಟಿಯಾಗಿ, ಸಿಟ್ಟಿನಿಂದಲೇ. "ಹನಿ ಬಿದ್ದದ್ದು ಬಡಗಿನಲ್ಲಿ ಹೌದು. ಆದರೆ ನೀರು ನನ್ನದು. ಹುಳಿ ಉಂಟು ಅದರಲ್ಲಿ."

"ಹುಳಿಯಾ?" ಎಂದರು ಇಂದ್ರರು, ಕೇಳುವ ಕಿವಿ ಈ ಕಡೆ ತಿರುಗಿಸಿ.

"ಹುಣಸೆಹುಳಿ," ಎಂದಳು ಹಿಂದಿನಿಂದ ವಿಮಲಾ. "ನಮ್ಮದೇ ಭರಣಿಯದ್ದು."

ಹುಕ್ರಪ್ಪ ಮೊದಲು ನಕ್ಕ. ಮತ್ತೆ ಅಂಗಳಕ್ಕೆ ಅಂಗಳವೇ ನಕ್ಕಿತು. ಚೈತನ್ಯಾ ಮೇಡಂ ನಗಲಿಲ್ಲ. ಏಣಿ ಹತ್ತಿ ನೆತ್ತಿಯ ಸಂದು ನೋಡಿ ಬಂದರು.

"ಇಲ್ಲಿ ಅರಗು, ಎಣ್ಣೆ ಸೇರಿಸಿ ಹಾಕಿದ ಮೇಣ ಇರಬೇಕಿತ್ತು. ಬಡಗು ಕಡೆ ಉಂಟು, ತೆಂಕು ಕಡೆ ಪೂರಾ ಕೆರೆದಿದ್ದೀರಿ. ಅದು ಕೊಳೆ ಅಲ್ಲ ಸರ್, ನೀರು ತಡೆಯುವುದು ಅದೇ. ಹೊಸ ಮೇಣ ತುಂಬಿಸಿದರೆ ಸರಿಯಾಗ್ತದೆ. ಇನ್ನು ಮೇಲಿನ ಕಪ್ಪು, ಅದು ತಾಮ್ರ ತಾನೇ ಮಾಡಿಕೊಂಡ ಅಂಗಿ. ಅಷ್ಟು ವರ್ಷ ಮಳೆಯಿಂದ ಅದೇ ಕಾಪಾಡಿದ್ದು. ಅದನ್ನೂ ತೆಗೆದಿದ್ದೀರಿ. ದಯವಿಟ್ಟು ಇನ್ನು ಮುಟ್ಟಬೇಡಿ, ತಾನಾಗಿ ಬರ್ತದೆ."

"ಹಾಗಾದ್ರೆ ನನ್ನ ಮಾಡು ಬದಲಿಸಬೇಕಾ?" ಎಂದ ಜಯರಾಜ.

"ಯಾರು ಹೇಳಿದ್ದು? ಇಷ್ಟು ದಪ್ಪದ ತಗಡು ನಾನು ಬೇರೆಲ್ಲೂ ನೋಡಿಲ್ಲ. ಮೊಮ್ಮಕ್ಕಳ ಕಾಲಕ್ಕೂ ಬರ್ತದೆ. ಎರಡರಲ್ಲಿ ಮೊದಲು ಬದಲಿಸಬೇಕಾಗುವುದು ಬಡಗಿನದ್ದು, ಅದು ತೆಳು. ನಾನು ಮೊನ್ನೆಯೇ ಕಾರಿನ ಹತ್ತಿರ ಇವರಿಗೆ ಹೇಳಿದ್ದೆನಲ್ಲ."

ಜಯರಾಜ ಜಿನೇಶನ ಕಡೆ ತಿರುಗಿದ. ಜಿನೇಶ ತೊಲೆ ನೋಡುತ್ತಿದ್ದ.

"ನೀನು ನನಗೆ ಹೇಳಲಿಲ್ಲ."

"ಹೇಳಬೇಕು ಅಂತ ಇದ್ದೆ."

"ಯಾವಾಗ?"

ಜಿನೇಶನ ಕಿವಿ ಕೆಂಪಾಯಿತು. "ಜಯಣ್ಣ, ನಾನು ಶೀಟು ಮಾರುವವ. ನಿನ್ನ ಮಾಡು ಎಂಥದ್ದು ಅಂತ ನನಗೆ ಮೊದಲೇ ಗೊತ್ತಿತ್ತು. ನಾನು ಹೊಸತು ಹಾಕಿಸಿದೆ, ಎರಡು ವರ್ಷ ಹೊಳೆಯಿತು, ಮುಗಿಯಿತು. ನಿನ್ನದು ಆ ಬಣ್ಣ, ಆ ದಪ್ಪ... ಪ್ರತಿ ವರ್ಷ ಅದರ ಕೆಳಗೆ ನಿಲ್ಲುವಾಗ ನನಗೆ ಎಂತ ಆಗ್ತದೆ ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಎರಡನ್ನೂ ಬದಲಿಸುವ ಅಂದದ್ದು. ಒಂದೇ ಬಣ್ಣ ಆದರೆ ಮತ್ತೆ ನೋಡಿ ನೋಡಿ ಸಾಯುವುದು ಬೇಡ ಅಂತ."

ಜಯರಾಜನಿಗೆ ಬೈಯಬೇಕೆನಿಸಿತು. ಬದಲಿಗೆ ಒಳಗೆ ಏನೋ ಸಡಿಲವಾಯಿತು. ಇವನೂ! ಇಷ್ಟು ವರ್ಷ ಇವನೂ ಅಲ್ಲಿ ಕತ್ತು ಎತ್ತಿ ಹನಿಗೆ ಕಾದದ್ದಾ! ಪರಕೀಯನಲ್ಲ ಎಂಬುದು ಅವನಿಗೆ ಈಗ ಖಾತ್ರಿಯಾಯಿತು.

"ನಿಮ್ಮ ಮಾತು ಮುಗಿಯಿತಾ?" ಎಂದರು ಇಂದ್ರರು. ಅವರು ಮೆಟ್ಟಿಲ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. "ನೀರು ಬಿಟ್ಟದ್ದು ತೆಂಕು. ಹಾಗಾಗಿ ತೆಂಕುಮಾಡು ಜಿನೇಶನಿಗೆ. ಹನಿ ಬಿದ್ದದ್ದು ಬಡಗು. ಹಾಗಾಗಿ ಬಡಗುಮಾಡು ಜಯರಾಜನಿಗೆ. ಕ್ರಮ ಎರಡೂ ಕಡೆ ಒಂದೇ. ನೆತ್ತಿಗೆ ಮೇಣ ಇಬ್ಬರೂ ಸೇರಿ ಹಾಕಿ, ಮಳೆ ಬರುವ ಮೊದಲು. ನನಗೆ ಅಭಿಷೇಕಕ್ಕೆ ತಡ ಆಯ್ತು."

"ಇಂದ್ರರೇ, ಅದು ಹೇಗೆ..." ಇಬ್ಬರೂ ಒಟ್ಟಿಗೆ ಬಾಯಿ ತೆರೆದರು.

"ಈ ಕಿವಿ ಕೇಳುವುದಿಲ್ಲ," ಎಂದು ಇಂದ್ರರು ಒಳಗೆ ಹೋದರು.

ಹಿಂದಿರುಗುವಾಗ ಬಸ್ಸಿನಲ್ಲಿ ಜಯರಾಜ ದಾರಿಯ ಮಾಡು ಒಂದನ್ನೂ ತೋರಿಸಲಿಲ್ಲ.

"ಬೇಕಾದ್ದು ಸಿಕ್ಕಿತಲ್ಲ," ಎಂದಳು ವಿಮಲಾ. "ಅವನ ಮಾಡೇ ಬೇಕು ಅಂತ ಇತ್ತು ನಿಮಗೆ."

"ಅದು ತೆಳು ಮಾರಾಯ್ತಿ."

ಆ ಮೇಣ ಹಾಕುವ ದಿನ ಇಬ್ಬರೂ ನೆತ್ತಿಯ ಮೇಲೆ ಕುದುರೆ ಹತ್ತಿದ ಹಾಗೆ ಎದುರುಬದುರು ಕೂತರು. ಜಿನೇಶ ಮೇಣ ತುಂಬಿಸುತ್ತಿದ್ದ, ಜಯರಾಜ ಬೆರಳಿನಿಂದ ಒತ್ತುತ್ತಿದ್ದ. ಜಿನೇಶ ಕೆಳಗೆ ಬಗ್ಗಿದಾಗ ಜಯರಾಜ ಮೆಲ್ಲಗೆ ಗೆಣ್ಣಿನಿಂದ ಬಡಗಿನ ತಗಡನ್ನು ಬಡಿದ. ಟಿಣ್ ಎಂದಿತು, ತಿಂಡಿ ಡಬ್ಬದ ಹಾಗೆ. ತೆಂಕಿನದನ್ನು ಬಡಿದ. ಧೋಂ ಎಂದು ಹಳೆಯ ಹಂಡೆಯ ಹಾಗೆ ತುಂಬಿ ಬಂತು. ಈ ಸದ್ದು ಅವನಿಗೆ ಮೊದಲು ಯಾಕೆ ಕೇಳಲಿಲ್ಲ?

"ಎಂತ ಬಡಿಯುವುದು ನನ್ನ ಮಾಡನ್ನು?" ಎಂದ ಜಿನೇಶ ತಲೆ ಎತ್ತದೆ.

ಮಳೆ ಬಂತು, ಹೋಯಿತು. ತೆಂಕುಮಾಡಿನ ಕೆಂಪು ಮೊದಲ ತಿಂಗಳಲ್ಲೇ ಮಂಕಾಗಿ, ಮತ್ತೆ ಖರ್ಜೂರದ ಬಣ್ಣಕ್ಕೆ ತಿರುಗಿ, ಚಳಿಗಾಲಕ್ಕೆ ಬೆಲ್ಲದ ಬಣ್ಣದ ಮೇಲೆ ಒಂದು ತೆಳು ಕಪ್ಪು ಎಳೆದುಕೊಂಡಿತು. ಬೆಳುವಾಯಿಗೆ ಹೋಗುವ ಕೆಲಸ ಇಲ್ಲದಿದ್ದರೂ ಜಯರಾಜ ವಾರಕ್ಕೊಮ್ಮೆ ಅಲ್ಲಿ ಬಸ್ಸಿನಿಂದ ಇಳಿಯುತ್ತಿದ್ದ. ಗದ್ದೆಯ ಬದುವಿನಲ್ಲಿ ನಿಂತು ಆ ಬಣ್ಣವನ್ನು ನೋಡುತ್ತಿದ್ದ. ತಾಯಿಯದ್ದು. ತನ್ನ ಕೈಯಲ್ಲಿದ್ದಾಗ ಇಷ್ಟು ಚಂದ ಕಂಡಿರಲಿಲ್ಲ. ಜಿನೇಶನ ಕೈಗೆ ಹೋದದ್ದೇ ಹೋದದ್ದು, ಎಂಥ ಕಳೆ! ಹೊಟ್ಟೆಯೊಳಗೆ ಯಾರೋ ಮತ್ತೆ ಮೆಣಸು ಅರೆಯತೊಡಗುವರು, ಹಳೆಯ ಕಲ್ಲಿನಲ್ಲೇ.

ಮರುವರ್ಷದ ನೀರಿನ ದಿನ ಅವನು ಮೊದಲ ಸಲ ತೆಂಕುಮಾಡಿನ ಕೆಳಗೆ ನಿಂತ. ಮೇಲೆ ಜಿನೇಶ ಏಣಿಯಲ್ಲಿ ಕೊಡಪಾನ ಎತ್ತಿಕೊಳ್ಳುವ ಸದ್ದು. ಜಯರಾಜ ತಲೆ ಎತ್ತಿದ. ಒಂದು ಹನಿ ಬಿದ್ದರೆ ತಾಯಿಯ ಮಾಡು ತಿರುಗಿ ಬರುತ್ತದೆ. ಒಂದು ಹನಿ ಬಿದ್ದರೆ ತಾಯಿಯ ಮಾಡು ಸೋರಿತೆಂದು ಊರು ಹೇಳುತ್ತದೆ. ಏನನ್ನು ಬೇಡಿಕೊಳ್ಳುವುದೆಂದು ತಿಳಿಯದೆ ಎದುರಿಗಿರುವ ಸ್ವಾಮಿಯನ್ನು ನೋಡಿದ. ಮತ್ತೆ ಹಲಗೆಯನ್ನು ನೋಡಿದ. ನೋಡುತ್ತ ನೋಡುತ್ತ ಬಾಯಿ ತೆರೆದುಕೊಂಡಿತು.

ಮೇಲಿನಿಂದ ಜಿನೇಶ ಕೂಗಿದ:

"ಜಯಣ್ಣ, ಸುರಿಯುತ್ತೇನೆ! ಬಾಯಿ ಮುಚ್ಚಿ ನಿಲ್ಲು!"